ತಗಡಿನ ಬಾಗಿಲ ಮೇಲೆ ನಾನು ಬರೆದ ಸುಳ್ಳು

ನಮ್ಮ ಮನೆಯ ಹಳೇ ಬೈಕಿಗೆ ಯಾವ ಕ್ಯಾಮ್ ಹಾಕಿಸಬೇಕು, ಕಂಪ್ರೆಷನ್ ಎಷ್ಟಕ್ಕೆ ಏರಿಸಬೇಕು ಎಂದು ನಾನು ನಾಲ್ಕು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಗಾಡಿಯನ್ನು ಯಾರು ಓಡಿಸುತ್ತಾರೆ ಎಂದು ಎಂಜಿನ್ ಕಟ್ಟುವ ಮೇಸ್ತ್ರಿ ಕೇಳಿದಾಗ ಮಾತ್ರ ಒಂದು ಗಳಿಗೆಯೂ ಯೋಚಿಸದೆ ಸುಳ್ಳು ಹೇಳಿದೆ. ಆ ಸುಳ್ಳು ನಮ್ಮಣ್ಣನ ಬಲಗಾಲಿನ ಮೇಲೆ ಈಗಲೂ ಕಾಣುತ್ತದೆ. ಅವನು ಮೆಟ್ಟಿಲು ಇಳಿಯುವಾಗ ನಾನು ಬೇರೆ ಕಡೆ ನೋಡುತ್ತೇನೆ.

ಬೈಕು ಅಪ್ಪ ಕೊಂಡದ್ದು. ಮುನ್ನೂರೈವತ್ತು ಸಿಸಿ, ಒಂದೇ ಸಿಲಿಂಡರು, ಕಿಕ್ ಹೊಡೆದೇ ಸ್ಟಾರ್ಟ್ ಮಾಡಬೇಕಾದ ಗಾಡಿ. ಅಪ್ಪ ಹೋದ ಮೇಲೆ ಅದು ಅಣ್ಣನದೂ ಹೌದು, ನನ್ನದೂ ಹೌದು. ಅಣ್ಣ ಕೆಂಚಾರ್ಲಹಳ್ಳಿಯ ಮನೆಯಲ್ಲೇ ಇದ್ದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಮನೆ ನೋಡಿಕೊಳ್ಳುತ್ತಾನೆ. ನಾನು ಗೌರಿಬಿದನೂರಿನ ಒಂದು ಕಾರ್ಖಾನೆಯಲ್ಲಿ ಸಂಬಳಕ್ಕಿದ್ದೇನೆ. ಹುಳು ಹಣ್ಣಾಗಿ ಗೂಡು ಕಟ್ಟಿದ ವಾರ ಬೈಕು ಅಣ್ಣನ ಹತ್ತಿರ, ಮಿಕ್ಕ ದಿನ ನನ್ನ ಹತ್ತಿರ. ಇದನ್ನು ನಾವು ಯಾವತ್ತೂ ಕೂತು ಮಾತಾಡಿ ತೀರ್ಮಾನ ಮಾಡಿದ್ದಲ್ಲ. ಗೂಡು ಬಿಡಿಸುವ ಹಿಂದಿನ ದಿನ ಅವನು ಫೋನ್ ಮಾಡಿ, "ಗಾಡಿ ತಗೊಂಬಾಪ್ಪ," ಅನ್ನುತ್ತಿದ್ದ. ನಾನು ತಗೊಂಡು ಹೋಗುತ್ತಿದ್ದೆ, ಅಷ್ಟೇ.

ಹೆಚ್ಚಿನ ಗೂಡು ಊರಿನವರ ಜೊತೆ ಸೇರಿ ಟೆಂಪೋದಲ್ಲಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗುತ್ತಿತ್ತು. ಟೆಂಪೋದಲ್ಲಿ ಜಾಗ ಸಾಲದೆ ಮಿಕ್ಕದ್ದು, ಒಂದು ದಿನ ತಡವಾಗಿ ಬಿಡಿಸಿದ್ದು, ಇವನ್ನೆಲ್ಲ ಅಣ್ಣ ಎರಡು ದೊಡ್ಡ ಚೀಲಕ್ಕೆ ತುಂಬಿ, ಒಂದನ್ನು ಸೀಟಿನ ಮೇಲೆ, ಇನ್ನೊಂದನ್ನು ಟ್ಯಾಂಕಿನ ಮೇಲೆ ಇಟ್ಟುಕೊಂಡು ನಿಧಾನವಾಗಿ ಹೋಗುತ್ತಿದ್ದ. ಗೂಡನ್ನು ಒತ್ತಿ ಕಟ್ಟುವ ಹಾಗಿಲ್ಲ, ಒಳಗಿನ ಹುಳು ನಜ್ಜಾಗುತ್ತದೆ. ಆದ್ದರಿಂದ ಚೀಲ ಉಬ್ಬಿಕೊಂಡೇ ಇರುತ್ತಿತ್ತು. ಹಿಂದಿನಿಂದ ನೋಡಿದರೆ ಅಣ್ಣ ಕಾಣುತ್ತಿರಲಿಲ್ಲ, ಚೀಲಕ್ಕೇ ಎರಡು ಚಕ್ರ ಬಂದ ಹಾಗೆ ಕಾಣುತ್ತಿತ್ತು.

ಇದು ನನಗೆ ನಾಚಿಕೆಯ ವಿಷಯವಾಗಿತ್ತು. ಚಿಕ್ಕಬಳ್ಳಾಪುರದ ಕಾಲೇಜಿಗೆ ಅದೇ ಬೈಕಿನಲ್ಲಿ ಹೋಗುತ್ತಿದ್ದಾಗ ಹಿಂದೆ ಕೂತ ಗೆಳೆಯನೊಬ್ಬ, "ಏನ್ ಗುರೂ, ಸೀಟೆಲ್ಲ ಹುಳದ ವಾಸ್ನೆ," ಎಂದು ಮೂಗು ಮುಚ್ಚಿಕೊಂಡಿದ್ದ. ಅವನು ಅದನ್ನು ಮರುದಿನವೇ ಮರೆತಿರುತ್ತಾನೆ. ನಾನು ಹದಿನೈದು ವರ್ಷ ಹೊತ್ತುಕೊಂಡು ತಿರುಗಿದೆ. ಕೆಲಸ ಸಿಕ್ಕ ಮೇಲೆ ಭಾನುವಾರ ಬೆಳಿಗ್ಗೆ ಸೀಟು ತೊಳೆದು, ಜಾಕೆಟ್ ಹಾಕಿಕೊಂಡು ಪೆರೇಸಂದ್ರದ ಹತ್ತಿರ ಹೈವೇಗೆ ಹೋಗಿ ನಿಲ್ಲುವ ಚಟ ಹಿಡಿಯಿತು. ಸ್ಕಂದಗಿರಿ ಹತ್ತಿ ಇಳಿದ ಬೆಂಗಳೂರಿನ ಹುಡುಗರು ಅಲ್ಲಿಗೆ ಇಡ್ಲಿ ತಿನ್ನಲು ಬರುತ್ತಿದ್ದರು. ಅವರ ಗಾಡಿಗಳು ಸುಯ್ಯೆಂದು ಹೋಗುತ್ತಿದ್ದವು, ನನ್ನದು ಡುಗು ಡುಗು ಅನ್ನುತ್ತ ಹಿಂದೆ ಉಳಿಯುತ್ತಿತ್ತು. ಅವರಲ್ಲಿ ಒಬ್ಬನನ್ನಾದರೂ ಹಿಂದೆ ಹಾಕಬೇಕು ಅನ್ನುವುದು ಆಗ ನನ್ನ ಜೀವನದ ದೊಡ್ಡ ಆಸೆ. ಮೂವತ್ತೈದು ದಾಟಿದ ಗಂಡಸಿನ ಆಸೆ ಇದು.

ಕ್ಯಾಮ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಮೇಸ್ತ್ರಿ ಹೇಳುತ್ತಿದ್ದ ರೀತಿಯಲ್ಲೇ ಹೇಳುತ್ತೇನೆ. ಎಂಜಿನ್ನಿಗೆ ಗಾಳಿ ಒಳಗೆ ಬರಲು ಒಂದು ಬಾಗಿಲು, ಹೊಗೆ ಹೊರಗೆ ಹೋಗಲು ಒಂದು ಬಾಗಿಲು. ಆ ಬಾಗಿಲು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂದು ತೀರ್ಮಾನ ಮಾಡುವುದು ಕ್ಯಾಮ್. ಹೆಚ್ಚು ಹೊತ್ತು ತೆರೆದಿಟ್ಟರೆ ಜೋರಾಗಿ ಓಡುವಾಗ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ. ಆದರೆ ನಿಧಾನವಾಗಿ ಓಡುವಾಗ ಒಳಗೆ ಬಂದ ಗಾಳಿಯಲ್ಲಿ ಒಂದಿಷ್ಟು ಅದೇ ಬಾಗಿಲಿಂದ ವಾಪಸ್ ಹೋಗುತ್ತದೆ, ಎಳೆಯುವ ಶಕ್ತಿ ಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು ಗಾಳಿಯನ್ನು ಇನ್ನೂ ಬಿಗಿಯಾಗಿ ಹಿಂಡಬೇಕು. ಆ ಹಿಂಡುವ ಲೆಕ್ಕವೇ ಕಂಪ್ರೆಷನ್ ರೇಷಿಯೋ. ನಮ್ಮ ಗಾಡಿಯದು ಆರೂವರೆ ಇತ್ತು. ಅಂದರೆ ಆರೂವರೆ ಪಾಲನ್ನು ಒಂದು ಪಾಲಿಗೆ ಹಿಂಡುವುದು. ಹೆಚ್ಚು ಹಿಂಡಿದರೆ ಒಳ್ಳೆ ಪೆಟ್ರೋಲೇ ಬೇಕು, ಕಿಕ್ ಹೊಡೆಯುವವನಿಗೆ ಅಭ್ಯಾಸವೂ ಬೇಕು.

ನಾನು ಫೋನಿನಲ್ಲಿ ಹೊರದೇಶದವರ ವಿಡಿಯೋ ನೋಡಿ ನೋಡಿ ಅರ್ಧ ಪಂಡಿತನಾಗಿದ್ದೆ. ಅತಿ ದೊಡ್ಡ ಕ್ಯಾಮ್, ಹತ್ತರ ಕಂಪ್ರೆಷನ್ ಎಂದು ಮನಸ್ಸಿನಲ್ಲೇ ತೀರ್ಮಾನವಾಗಿತ್ತು. ಅದನ್ನು ಮಾಡಿಸಲು ಚಿಂತಾಮಣಿಯ ಮೇಸ್ತ್ರಿಯ ಹತ್ತಿರ ಹೋದೆ.

ಅರವತ್ತರ ಆಸುಪಾಸಿನ ಮನುಷ್ಯ. ಊರಾಚೆ ತಗಡಿನ ಶೆಡ್ಡು. ಬೋರ್ಡಿಲ್ಲ, ಆದರೂ ದೂರದಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಎಂಜಿನ್ ಬಿಚ್ಚುವ ಮುಂಚೆ ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಯಾರು ಓಡಿಸುತ್ತಾರೆ? ಏನು ಹೊರುತ್ತದೆ? ಪೆಟ್ರೋಲ್ ಎಲ್ಲಿಯದು? ಹೆಚ್ಚು ಯಾವ ರಸ್ತೆ? ಉತ್ತರವನ್ನು ಗಿರಾಕಿ ತನ್ನ ಕೈಯಾರೆ ಶೆಡ್ಡಿನ ತಗಡಿನ ಬಾಗಿಲ ಒಳಮೈ ಮೇಲೆ ಬಿಳಿ ಪೇಂಟಿನ ಪೆನ್ನಿನಲ್ಲಿ ಬರೆಯಬೇಕು. ಬರೆಯದಿದ್ದರೆ ಅವರು ಸ್ಪ್ಯಾನರ್ ಮುಟ್ಟುವುದಿಲ್ಲ. ಎಂಜಿನ್ ಸಾವಿರ ಕಿಲೋಮೀಟರ್ ಓಡಿ, ವಾಪಸ್ ಬಂದು, ಏನೂ ದೂರಿಲ್ಲ ಅಂದ ದಿನ ತಿನ್ನರ್ ಹಾಕಿ ಅದನ್ನು ಅಳಿಸುತ್ತಿದ್ದರು. ಕ್ಯಾಮ್ ಯಾವುದು, ಕಂಪ್ರೆಷನ್ ಎಷ್ಟು ಎಂದು ಅವರು ತೀರ್ಮಾನ ಮಾಡುತ್ತಿದ್ದದ್ದು ಆ ನಾಲ್ಕು ಸಾಲು ನೋಡಿ. ಗಿರಾಕಿಯ ವಿಡಿಯೋ ಜ್ಞಾನ ನೋಡಿ ಅಲ್ಲ.

"ಎವರು ತೋಲೇದಿ?" ಎಂದು ತೆಲುಗಿನಲ್ಲಿ ಶುರು ಮಾಡಿದರು. ಆಮೇಲೆ ಕನ್ನಡಕ್ಕೆ ಬಂದು, "ಗಾಡಿ ಯಾರು ಓಡ್ಸೋದು ಸಾರ್?" ಅಂದರು.

ಶೆಡ್ಡಿನಲ್ಲಿ ಆಗ ಬೆಂಗಳೂರಿನ ಇಬ್ಬರು ಹುಡುಗರು ತಮ್ಮ ದೊಡ್ಡ ಬೈಕುಗಳ ಪಕ್ಕ ನಿಂತು ಟೀ ಕುಡಿಯುತ್ತಿದ್ದರು. ನನ್ನ ಕಡೆಯೇ ನೋಡುತ್ತಿದ್ದರು, ಅಥವಾ ನನಗೆ ಹಾಗನ್ನಿಸಿತು.

"ನಾನೊಬ್ನೇ," ಅಂದೆ.

"ಲೋಡು?"

"ಲೋಡ್ ಏನೂ ಇಲ್ಲ ಮೇಸ್ತ್ರಿ. ಬರೀ ರೈಡಿಂಗು."

ಮೇಸ್ತ್ರಿ ಕೂತಲ್ಲೇ ಬಗ್ಗಿ, ಸಿಲಿಂಡರಿನ ಪದರಗಳ ನಡುವೆ ಬೆರಳು ಹಾಕಿ ಏನನ್ನೋ ಎಳೆದರು. ಗೂಡಿನ ಮೇಲೆ ಇರುತ್ತದಲ್ಲ, ಸಡಿಲವಾದ ನೂಲು, ಅದರದೊಂದು ಉಂಡೆ, ಎಣ್ಣೆ ಕುಡಿದು ಕಪ್ಪಾಗಿತ್ತು. "ಇದೇನು?" ಅಂದರು. ನಾನು, "ಒರೆಸೋ ಬಟ್ಟೆದಿರ್ಬೇಕು," ಅಂದೆ. ರೇಷ್ಮೆ ಸೀಮೆಯಲ್ಲೇ ಬೆಳೆದ ಚಿಂತಾಮಣಿಯ ಮನುಷ್ಯನಿಗೆ ಗೂಡಿನ ನೂಲನ್ನು ಬಟ್ಟೆ ಎಂದು ಹೇಳಿದೆ. ಅವರು ನನ್ನ ಮುಖ ನೋಡಿದರು, ನೂಲನ್ನು ಪಕ್ಕಕ್ಕಿಟ್ಟರು, ಪೆನ್ನು ಕೊಟ್ಟರು. ನಾನು ಬಾಗಿಲ ಮೇಲೆ ಬರೆದೆ. ನಾನೊಬ್ಬನೇ. ಲೋಡ್ ಇಲ್ಲ. ಬಂಕಿನ ಒಳ್ಳೆ ಪೆಟ್ರೋಲ್. ಹೈವೇ.

ನಾಲ್ಕರಲ್ಲಿ ಮೂರು ಸುಳ್ಳು. ಊರಿನಲ್ಲಿ ಪೆಟ್ರೋಲ್ ಮುಗಿದರೆ ಅಣ್ಣ ಅಂಗಡಿಯಲ್ಲಿ ಬಾಟಲಿಗೆ ತುಂಬಿಟ್ಟದ್ದನ್ನೇ ಹಾಕುತ್ತಿದ್ದ, ಅದರಲ್ಲಿ ಏನೇನು ಬೆರೆತಿರುತ್ತದೋ ಯಾರಿಗೂ ಗೊತ್ತಿಲ್ಲ. ಹೈವೇ ಒಂದು ನಿಜ, ಅದೂ ಭಾನುವಾರದ ಮಟ್ಟಿಗೆ.

ಹತ್ತು ಬೇಕೆಂದು ನಾನು ಹಟ ಹಿಡಿದೆ. ಅವರು ಒಪ್ಪಲಿಲ್ಲ. "ನೀವು ಬರೆದಿರೋದಕ್ಕೆ ಒಂಬತ್ತು ಸಾಕು. ಮಧ್ಯದ ಕ್ಯಾಮ್ ಹಾಕ್ತೀನಿ, ದೊಡ್ಡದು ರೇಸಿನೋರ್ಗೆ," ಅಂದರು. ತಲೆ ಉಬ್ಬಿದ ಪಿಸ್ಟನ್ ತರಿಸಿದರು, ಹೆಡ್ಡನ್ನು ಲೇತಿನಲ್ಲಿ ಕೆರೆಸಿದರು. ಎಂಟು ದಿನದ ಕೆಲಸ. ಗಾಡಿ ಕೈಗೆ ಕೊಡುವಾಗ ಅರ್ಧ ಗಂಟೆ ನಿಲ್ಲಿಸಿಕೊಂಡು ಕಿಕ್ ಹೊಡೆಯುವುದನ್ನು ಕಲಿಸಿದರು. ಮೊದಲು ಸಣ್ಣ ಲಿವರ್ ಎಳೆದು ಒಳಗಿನ ಗಾಳಿ ಬಿಡಬೇಕು, ಪಿಸ್ಟನ್ನನ್ನು ತುದಿ ದಾಟಿಸಬೇಕು, ಆಮೇಲೆ ಮೈಭಾರವೆಲ್ಲ ಹಾಕಿ ಪೂರ್ತಿ ಹೊಡೆಯಬೇಕು. ಅರೆಮನಸ್ಸಿನಿಂದ ಹೊಡೆದರೆ ಕಿಡಿ ಮುಂಚೆಯೇ ಹತ್ತಿ, ಪಿಸ್ಟನ್ ಹಿಂದಕ್ಕೆ ತಿರುಗಿ, ಕಿಕ್ಕರ್ ಕಾಲನ್ನು ಮೇಲಕ್ಕೆ ಒದೆಯುತ್ತದೆ.

"ಶೂ ಹಾಕ್ಕೊಂಡೇ ಹೊಡೀಬೇಕು. ಬೇರೆ ಯಾರ ಕೈಗೂ ಕೊಡ್ಬೇಡಿ ಸಾರ್," ಎಂದು ಎರಡು ಸಲ ಹೇಳಿದರು. ನಾನು ಎರಡು ಸಲವೂ ತಲೆ ಆಡಿಸಿದೆ.

ಮೂರು ಭಾನುವಾರ ಸ್ವರ್ಗ. ಪೆರೇಸಂದ್ರದ ಆಚೆ ನೆಟ್ಟಗಿನ ರಸ್ತೆಯಲ್ಲಿ ಒಬ್ಬ ಬೆಂಗಳೂರಿನವನನ್ನು ನಿಜವಾಗಲೂ ಹಿಂದೆ ಹಾಕಿದೆ. ಅವನು ಫೋನ್ ನೋಡಿಕೊಂಡು ನಿಧಾನವಾಗಿ ಹೋಗುತ್ತಿದ್ದ ಅನ್ನುವುದನ್ನು ನಾನು ಯಾರಿಗೂ ಹೇಳಲಿಲ್ಲ.

ನಾಲ್ಕನೇ ವಾರ ಅಣ್ಣನ ಫೋನ್ ಬಂತು. "ನಾಳೆ ಗೂಡು ಬಿಡಿಸ್ತೀವಿ, ಗಾಡಿ ತಗೊಂಬಾಪ್ಪ."

ಆಗಲಾದರೂ ಹೇಳಬಹುದಿತ್ತು. ಅಣ್ಣಾ, ಇದು ಇನ್ನು ಗೂಡು ಹೊರುವ ಗಾಡಿ ಅಲ್ಲ, ನಿನ್ನನ್ನು ಕೇಳದೆ ಬದಲಾಯಿಸಿಬಿಟ್ಟೆ ಎಂದು. ಅವನಿಗೆ ನಾನು ಹೇಳಿದ್ದು "ಎಂಜಿನ್ ಬೋರ್ ಕೆಲಸ ಮಾಡಿಸಿದೀನಿ, ಮಾಮೂಲಿ ರಿಪೇರಿ" ಅಂತ ಮಾತ್ರ. ಬೈಕು ಒಯ್ದು ಅಂಗಳದಲ್ಲಿ ನಿಲ್ಲಿಸಿದೆ. ಅವನು ಟ್ಯಾಂಕನ್ನು ಒಂದು ಸಲ ಸವರಿ, "ಸೌಂಡೇ ಬೇರೆ ಆಗಿದೆ ಕಣೋ, ಚೆನ್ನಾಗಿದೆ," ಅಂದ. ಕಿಕ್ ಸ್ವಲ್ಪ ಗಟ್ಟಿಯಾಗಿದೆ, ಜೋರಾಗಿ ಹೊಡಿ ಎಂದಷ್ಟೇ ಹೇಳಿ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಗೌರಿಬಿದನೂರಿಗೆ ಹೊರಟುಬಿಟ್ಟೆ.

ಆಮೇಲೆ ನಡೆದದ್ದನ್ನು ಅಣ್ಣನ ಬಾಯಿಂದ ತಿಳಿದೆ. ಎರಡು ಚೀಲ ಹೇರಿಕೊಂಡು ಹೊರಟಿದ್ದಾನೆ. ಏರು ಬಂದಾಗಲೆಲ್ಲ ಗಾಡಿ ಎಳೆಯುತ್ತಿರಲಿಲ್ಲವಂತೆ, ಎಂಜಿನ್ನಿನೊಳಗೆ ಟಣಟಣ ಶಬ್ದವಂತೆ. ಬಾಟಲಿ ಪೆಟ್ರೋಲಿಗೂ ಒಂಬತ್ತರ ಕಂಪ್ರೆಷನ್ನಿಗೂ ಆಗದೆ ಎಂಜಿನ್ ಒಳಗೇ ಹೊಡೆದುಕೊಳ್ಳುತ್ತಿತ್ತು. ಶಿಡ್ಲಘಟ್ಟ ಮುಟ್ಟುವ ಮುಂಚೆ ಒಂದು ಅಡ್ಡರಸ್ತೆಯಲ್ಲಿ ಗಾಡಿ ನಿಂತುಹೋಯಿತು. ಮಾರ್ಕೆಟ್ಟಿನಲ್ಲಿ ಹರಾಜು ಶುರುವಾಗುವ ಹೊತ್ತು. ಚೀಲ ಇಳಿಸಲು ಪುರುಸೊತ್ತಿಲ್ಲ. ಅವನು ಇಪ್ಪತ್ತು ವರ್ಷದಿಂದ ಹೊಡೆಯುತ್ತಿದ್ದ ಹಾಗೆ, ಸೀಟಿನ ಮೇಲೆ ಕೂತೇ, ಹವಾಯಿ ಚಪ್ಪಲಿಯಲ್ಲಿ, ಅರ್ಧ ಕಿಕ್ ಹೊಡೆದ.

ಬಲಗಾಲಿನ ಹರಡಿನ ಮೇಲೆ ಮೂಳೆ ಎರಡು ಕಡೆ ಮುರಿಯಿತು.

ನಾನು ಗೌರಿಬಿದನೂರಿನಿಂದ ಆಸ್ಪತ್ರೆಗೆ ಓಡಿದಾಗ ಕಾಲಿಗೆ ಕಟ್ಟು ಹಾಕುತ್ತಿದ್ದರು. ಅವನು ಕೇಳಿದ ಮೊದಲ ಮಾತು, "ಗೂಡು ಹರಾಜಾಯ್ತಂತಾ ವಿಚಾರ್ಸು." ರಸ್ತೆಯಲ್ಲಿ ಬಿದ್ದವನು ದಾರಿಹೋಕರನ್ನು ಕೂಗಿ, ಮೊದಲು ಚೀಲಗಳನ್ನು ಆಟೋದಲ್ಲಿ ಮಾರ್ಕೆಟ್ಟಿಗೆ ಕಳಿಸಿ, ಆಮೇಲೆ ತಾನು ಇನ್ನೊಂದು ಆಟೋ ಹತ್ತಿದ್ದ.

ಊರಲ್ಲಿ ಎಲ್ಲರೂ ಮೇಸ್ತ್ರಿಯನ್ನು ಬೈದರು. ನಮ್ಮ ಚಿಕ್ಕಪ್ಪನಂತೂ, "ಅಂಥ ಎಂಜಿನ್ ಕಟ್ಟೋನು ಮೇಸ್ತ್ರೀನಾ? ಇನ್ನೊಬ್ರು ಯಾರೂ ಅವನ ಹತ್ರ ಹೋಗ್ಬೇಡಿ," ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ನಮ್ಮ ಕಡೆಯ ಏಳೆಂಟು ಹಳ್ಳಿಗಳಲ್ಲಿ ಒಂದು ಮಾತು ಹರಡಲು ಎರಡು ದಿನ ಸಾಕು. ನಾನು ಒಂದು ವಾಕ್ಯ ಹೇಳಿದ್ದರೆ ನಿಲ್ಲುತ್ತಿತ್ತು. ಹೇಳಲಿಲ್ಲ. ಬೈಗುಳ ಅವರ ಮೇಲೆ ಬೀಳುತ್ತಿದ್ದಷ್ಟು ಹೊತ್ತು ನನಗೆ ನೆಮ್ಮದಿಯಿತ್ತು. ಆ ನೆಮ್ಮದಿಯನ್ನು ನೆನೆಸಿಕೊಂಡರೇ ನನಗೆ ಎಲ್ಲಕ್ಕಿಂತ ಹೆಚ್ಚು ಅಸಹ್ಯವಾಗುವುದು.

ಎರಡನೇ ವಾರ ಮೇಸ್ತ್ರಿ ಮನೆಗೇ ಬಂದರು. ಒಂದು ಚೀಲದಲ್ಲಿ ಮೂಸಂಬಿ, ಒಂದು ಬ್ರೆಡ್ ಪೊಟ್ಟಣ. ಒಗೆದ ಶರಟು ಹಾಕಿಕೊಂಡಿದ್ದರು, ಉಗುರಿನ ಸಂದಿನ ಮಸಿ ಮಾತ್ರ ಹೋಗಿರಲಿಲ್ಲ. ಕುರ್ಚಿ ಕೊಟ್ಟರೂ ತುದಿಯಲ್ಲೇ ಕೂತರು. "ನನ್ನಿಂದ್ಲೇ ತಪ್ಪಾಗಿರೋದು, ಮನಸ್ಸಿಗೆ ತಗೋಬೇಡಿ," ಎಂದು ಅಣ್ಣನಿಗೆ ಕೈ ಮುಗಿದರು. ಅಣ್ಣ ಮಲಗಿದ್ದಲ್ಲಿಂದಲೇ ಎದ್ದು ಕೂರಲು ನೋಡಿ, "ಅಯ್ಯೋ ಬಿಡಿ ಮೇಸ್ತ್ರಿ, ನಾನೇ ನೆಟ್ಟಗೆ ಹೊಡೀಲಿಲ್ಲ," ಅಂದ. ತಪ್ಪು ತನ್ನದು ತನ್ನದು ಎಂದು ಅವರಿಬ್ಬರೂ ಹಂಚಿಕೊಳ್ಳುತ್ತಿದ್ದರು. ಮೇಸ್ತ್ರಿ ಒಂದು ಸಲ ನನ್ನ ಕಡೆ ನೋಡಿದರು. ನಾನು ಕಾಫಿ ತರುತ್ತೇನೆ ಎಂದು ಒಳಗೆ ಹೋದೆ, ಅವರು ಹೊರಡುವವರೆಗೂ ಅಡುಗೆಮನೆಯಲ್ಲೇ ನಿಂತೆ. ಕಾಫಿಯನ್ನು ಅತ್ತಿಗೆ ಕೊಟ್ಟರು.

ಮೂರೂವರೆ ತಿಂಗಳ ಮೇಲೆ ಅಣ್ಣ ಕುಂಟುತ್ತ ಹುಳು ಮನೆಗೆ ಇಳಿದ. "ಗಾಡಿ ಮೊದಲಿನ ಹಾಗೆ ಮಾಡ್ಸಪ್ಪ, ಗೂಡಿಗೆ ಬೇಕು," ಅಂದ. ಬೇರೆ ಯಾರಾದರೂ ಮೇಸ್ತ್ರಿಯ ಹತ್ತಿರ ಹೋಗೋಣ ಎಂದು ಚಿಕ್ಕಪ್ಪ ಹೇಳಿದರು. ನನಗೂ ಅದೇ ಅನುಕೂಲವಾಗಿತ್ತು. ಆದರೂ ಒಂದು ಶನಿವಾರ ಕಾಲು ತಾನಾಗಿ ಚಿಂತಾಮಣಿಯಲ್ಲಿ ಇಳಿಯಿತು.

ಯಾವಾಗಲೂ ಏಳೆಂಟು ಗಾಡಿ ನಿಂತಿರುತ್ತಿದ್ದ ಶೆಡ್ಡಿನಲ್ಲಿ ಎರಡಿದ್ದವು. ಮೇಸ್ತ್ರಿ ಒಬ್ಬರೇ ಕೂತು ಯಾವುದೋ ಕಾರ್ಬ್ಯುರೇಟರ್ ತೊಳೆಯುತ್ತಿದ್ದರು. ಬಾಗಿಲ ಒಳಮೈಯಲ್ಲಿ ಮಿಕ್ಕ ಬರಹಗಳೆಲ್ಲ ಅಳಿಸಿದ್ದವು. ನಡುವೆ ನನ್ನ ನಾಲ್ಕು ಸಾಲು ಹಾಗೇ ಇದ್ದವು. ನನ್ನ ಅಕ್ಷರ ದುಂಡಗಿದೆ ಎಂದು ಶಾಲೆಯಲ್ಲಿ ಹೊಗಳುತ್ತಿದ್ದರು.

"ಮೇಸ್ತ್ರಿ, ನಾನು ಸುಳ್ಳು ಬರೆದಿದ್ದೆ," ಅಂದೆ.

ಅವರು ತಲೆ ಎತ್ತಲಿಲ್ಲ. "ಗೊತ್ತು ಸಾರ್. ನೂಲು ಕೈಗೆ ಸಿಕ್ತಲ್ಲ ಅವತ್ತೇ. ಕೇಳ್ಬೇಕಾಗಿತ್ತು, ಕೇಳ್ಲಿಲ್ಲ. ಹುಡುಗ್ರ ಮುಂದೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಾದೆ. ಅದು ನನ್ನ ತಪ್ಪೇ."

"ಮನೇಲಿ ಯಾಕೆ ಹೇಳ್ಲಿಲ್ಲ?"

"ನಾನ್ಯಾಕೆ ಹೇಳ್ಲಿ? ಬರೆದೋರು ನೀವು." ಕಾರ್ಬ್ಯುರೇಟರನ್ನು ಕೆಳಗಿಟ್ಟು, "ಗಾಡಿ ಮಾಡ್ಕೊಡ್ತೀನಿ. ಆದ್ರೆ ಓಡ್ಸೋರ್ನ ಕರ್ಕೊಂಬನ್ನಿ. ಅವರಿಲ್ದೆ ಬಿಚ್ಚಲ್ಲ," ಅಂದರು.

ಮರುದಿನ ಬೈಕನ್ನು ಟೆಂಪೋದಲ್ಲಿ ಹಾಕಿಕೊಂಡು, ಅಣ್ಣನನ್ನೂ ಕರೆದುಕೊಂಡು ಹೋದೆ. ದಾರಿಯಲ್ಲೇ ಹೇಳಿಬಿಡಬೇಕು ಎಂದು ಹೊರಟವನು ಆ ಊರು ಬಂತು, ಈ ಊರು ದಾಟಿತು ಎಂದು ಕಿಟಕಿಯಾಚೆ ನೋಡುತ್ತಲೇ ಕಾಲ ಕಳೆದೆ. ಶೆಡ್ಡು ಬಂತು. ಅಣ್ಣ ಮೇಸ್ತ್ರಿಗೆ ನಮಸ್ಕಾರ ಮಾಡಿ, ಕೂರಲು ಜಾಗ ಹುಡುಕುತ್ತ ಬಾಗಿಲ ಕಡೆ ತಿರುಗಿದ. ಅಲ್ಲಿಯೇ ನಿಂತ. ಅವನು ಓದುವುದು ನಿಧಾನ, ತುಟಿ ಆಡಿಸಿಕೊಂಡು ಓದುತ್ತಾನೆ. ನಾನೊಬ್ಬನೇ. ಲೋಡ್ ಇಲ್ಲ. ಅವನ ತುಟಿ ಅಲ್ಲಿಗೆ ನಿಂತಿತು.

"ನಿನ್ನ ಅಕ್ಷರ ಅಲ್ವೇನೋ ಇದು?"

ಹೌದು ಅಂದೆ. ಎಲ್ಲ ಹೇಳಿದೆ. ಬೆಂಗಳೂರಿನ ಹುಡುಗರು, ನೂಲಿನ ಉಂಡೆ, ಬೇರೆಯವರ ಕೈಗೆ ಕೊಡಬೇಡಿ ಎಂದು ಮೇಸ್ತ್ರಿ ಎರಡು ಸಲ ಹೇಳಿದ್ದು, ನಾನು ಬಸ್ಸು ಹತ್ತಿ ಹೋದದ್ದು. ಬೈಯಲಿ, ಎರಡು ಬಾರಿಸಲಿ ಎಂದು ಕಾದೆ. ಅವನು ಬೈಯಲಿಲ್ಲ. ಕಾಲಿನ ಮಾತೇ ಎತ್ತಲಿಲ್ಲ.

"ಗೂಡು ಹೊರತ್ತೆ ಅಂತ ಹೇಳೋಕೆ ನಾಚ್ಕೆ ಆಯ್ತೇನಪ್ಪ?" ಅಂದ. ಅವನಿಗೆ ನಿಜವಾಗಲೂ ಗೊತ್ತಾಗಬೇಕಿತ್ತು, ಅದಕ್ಕೇ ಕೇಳಿದ. "ನಿನ್ನ ಕಾಲೇಜಿಗೆ ಬಿಡೋಕೆ ಬರ್ತಿದ್ನಲ್ಲ, ಅವಾಗ್ಲೂ ಆಗ್ತಿತ್ತಾ?"

ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಗೂಡು ಇಳಿಸಿ, ಖಾಲಿ ಚೀಲ ಮಡಿಸಿ ಸೀಟಿನ ಕೆಳಗಿಟ್ಟು ಅವನು ನನ್ನನ್ನು ಚಿಕ್ಕಬಳ್ಳಾಪುರಕ್ಕೆ ಬಿಡಲು ಬರುತ್ತಿದ್ದ ದಿನಗಳಿದ್ದವು. ಕಾಲೇಜಿನ ಗೇಟು ಇನ್ನೂ ದೂರ ಇರುವಾಗಲೇ, ಇಲ್ಲೇ ಇಳೀತೀನಿ ಅನ್ನುತ್ತಿದ್ದೆ. ಅವನು ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ. ಈಗ ಅವನ ಮುಖ ನೋಡಿದರೆ, ಆ ಎಲ್ಲ ದಿನಗಳ ಉತ್ತರ ಒಟ್ಟಿಗೇ ಸಿಕ್ಕವನ ಹಾಗಿದ್ದ. ನಾನು ಅತ್ತೆ. ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿಕೊಂಡು ಯಾರೋ ನೋಡುತ್ತಿದ್ದರು, ನೋಡಲಿ ಅನ್ನಿಸಿತು.

ಮೇಸ್ತ್ರಿ ಬಟ್ಟೆಯನ್ನು ತಿನ್ನರಿನಲ್ಲಿ ಅದ್ದಿ ಬಾಗಿಲ ಮೇಲಿನ ನಾಲ್ಕು ಸಾಲನ್ನೂ ಒರೆಸಿದರು. ಪೂರ್ತಿ ಹೋಗಲಿಲ್ಲ, ಮಬ್ಬಾಗಿ ಉಳಿಯಿತು. ಹಳೇ ಕ್ಯಾಮ್ ಹಾಕಿ, ಸಿಲಿಂಡರಿನ ಕೆಳಗೆ ಒಂದು ದಪ್ಪ ತಟ್ಟೆ ಕೊಟ್ಟು ಕಂಪ್ರೆಷನ್ ಇಳಿಸುವುದಾಗಿ ಹೇಳಿದರು. ಗಾಡಿ ಜೋರಾಗಿ ಓಡುವುದಿಲ್ಲ, ಆದರೆ ಭಾರ ಎಳೆಯುತ್ತದೆ ಅಂದರು. ಆಮೇಲೆ ಪೆನ್ನನ್ನು ನನ್ನ ಕೈಗೇ ಕೊಟ್ಟು, ಅಣ್ಣನ ಕಡೆ ತಿರುಗಿ ಕೇಳಲು ಶುರು ಮಾಡಿದರು. ಯಾರು ಓಡಿಸುತ್ತಾರೆ?

"ಇಬ್ರೂನೂ," ಅಂದ ಅಣ್ಣ. ನಾನು ಬರೆದೆ.

"ಏನು ಹೊರತ್ತೆ?"

ಅಣ್ಣ ನನ್ನ ಕಡೆ ತಿರುಗಿ ನೋಡಿದ. ನಾನು ಬಗ್ಗಿ, ಮಬ್ಬಾಗಿ ಉಳಿದಿದ್ದ ಹಳೇ ಸಾಲಿನ ಮೇಲೆಯೇ ರೇಷ್ಮೆ ಗೂಡು ಎಂದು ಬರೆಯತೊಡಗಿದೆ. ಅಕ್ಷರ ಸಣ್ಣದಾಗಿ ಬರುತ್ತಿತ್ತು.

"ದೊಡ್ಡದಾಗಿ ಬರಿಯಪ್ಪ," ಅಂದ ಅಣ್ಣ, "ಬಂದೋರಿಗೆಲ್ಲ ಕಾಣ್ಲಿ."